ನಾಯಿಗೆ ಈಜು ಬಂದರೆ ಸಾಲದು

ನಾಯಿಗೆ ಈಜು ಹುಟ್ಟಿನಿಂದಲೇ ಬರುತ್ತದೆ, ಅದನ್ನು ಯಾರೂ ಕಲಿಸಬೇಕಾಗಿಲ್ಲ ಎಂಬ ಮಾತನ್ನು ಕೇಳುತ್ತಲೇ ಬೆಳೆದವರು ನಾವು. ಏರಿಯ ಮೇಲೆ ನಿಂತು ಕೋಲೊಂದನ್ನು ಎಸೆದರೆ ಸಾಕು, ಊರಿನ ನಾಯಿ ಕೆರೆಗೆ ಧುಮುಕಿ, ಮೂಗನ್ನು ಮೇಲೆತ್ತಿಕೊಂಡು ನಾಲ್ಕೂ ಕಾಲು ಬಡಿಯುತ್ತ ದಡ ಸೇರುತ್ತಿದ್ದುದನ್ನು ಕಂಡವರಿಗೆ ಈ ಮಾತಿನಲ್ಲಿ ಸಂದೇಹ ಹುಟ್ಟುವುದೂ ಇಲ್ಲ. ಆದರೆ ಕೆರೆ ಬೇರೆ, ಈಜುಕೊಳ ಬೇರೆ. ಕೆರೆಗೆ ಇರುವುದು ದಡ. ಈಜುಕೊಳಕ್ಕೆ ಇರುವುದು ಗೋಡೆ. ಈ ಒಂದು ವ್ಯತ್ಯಾಸವನ್ನು ಗಮನಿಸದೆ ಮನೆಯ ಹಿತ್ತಲಿನಲ್ಲಿ ಕೊಳವನ್ನೂ ನಾಯಿಯನ್ನೂ ಒಟ್ಟಿಗೆ ಇಟ್ಟುಕೊಂಡವರು ಬಹಳ ಜನ ಎಂಬುದು ನನ್ನ ಅಭಿಪ್ರಾಯ.

ಸಾಹಿತ್ಯ, ವ್ಯಾಕರಣ ಎಂದು ಬರೆಯುತ್ತಿದ್ದ ಮುದುಕನಿಗೆ ಈ ವಿಷಯವೇಕೆ ಬಂತು ಎಂದು ನೀವು ಕೇಳಬಹುದು. ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದ ಬಳಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವಾರ ಒಂದು ದೀರ್ಘ ಮಿಂಚಂಚೆ ಬರೆದಿದ್ದಾನೆ. ಅವನ ದೂರಿನ ಸಾರಾಂಶ ಇಷ್ಟು: "ಮೇಷ್ಟ್ರೇ, ಮಕ್ಕಳು ನೀರಿಗಿಳಿದ ಕೂಡಲೇ ನಮ್ಮ ನಾಯಿಗೆ ಹುಚ್ಚು ಹಿಡಿದಂತಾಗುತ್ತದೆ. ಕೊಳದ ಸುತ್ತ ಓಡುತ್ತ ಒಂದೇ ಸಮನೆ ಬೊಗಳುತ್ತದೆ. ಕೊನೆಗೆ ತಾನೂ ಹಾರಿ ಮಕ್ಕಳ ಹೆಗಲ ಮೇಲೆ ಕಾಲಿಡುತ್ತದೆ. ಬೈದೆ, ಪೈಪಿನಿಂದ ನೀರು ಹೊಡೆದೆ, ಎರಡೇಟು ಹಾಕಿಯೂ ಆಯಿತು. 60 ಮಕ್ಕಳ ತರಗತಿಯನ್ನು ಹಿಡಿದಿಟ್ಟವರು ನೀವು. ಒಂದು ನಾಯಿಗೆ ಶಿಸ್ತು ಕಲಿಸುವುದು ಹೇಗೆ, ಹೇಳಿ." (ಆ 60ರಲ್ಲಿ ಹಿಂದಿನ ಬೆಂಚಿನ ಇವನೂ ಒಬ್ಬನಾಗಿದ್ದ ಎಂಬುದನ್ನು ಜಾಣತನದಿಂದ ಮರೆತಿದ್ದಾನೆ!)

ನಾನು ಪಶುವೈದ್ಯನಲ್ಲ, ನಾಯಿಗಳ ತರಬೇತುದಾರನೂ ಅಲ್ಲ. ಆದರೆ ನನ್ನ ಮಗಳ ಸಂಸಾರವೂ ಅದೇ ಊರಿನ ಆಸುಪಾಸಿನಲ್ಲಿದೆ. ಮೂರು ಬೇಸಿಗೆಗಳನ್ನು ಅಲ್ಲಿ ಕಳೆದಿದ್ದೇನೆ. ಅವರ ಮನೆಯ ಹಿತ್ತಲಿನಲ್ಲೂ ಕೊಳವಿದೆ, ಕರಿಯ ಎಂಬ ಹೆಸರಿನ ಲ್ಯಾಬ್ರಡಾರ್ ಇದೆ. ಆ ನಾಯಿಗೆ ಪಾಠ ಹೇಳಿದ ತರಬೇತುದಾರ್ತಿಯ ಕೆಲಸವನ್ನು ನಾನು ಪ್ರತಿದಿನ ಕುರ್ಚಿ ಹಾಕಿಕೊಂಡು ಕುಳಿತು ನೋಡಿದ್ದೇನೆ. ಮೂವತ್ತು ವರ್ಷ ಪಾಠ ಹೇಳಿದವನಿಗೆ ಇನ್ನೊಬ್ಬರು ಪಾಠ ಹೇಳುವುದನ್ನು ನೋಡುವುದಕ್ಕಿಂತ ದೊಡ್ಡ ಮನರಂಜನೆ ಬೇರೆಯಿಲ್ಲ. ಆ ಧೈರ್ಯದಿಂದ ಈ ಉತ್ತರವನ್ನು ಎಲ್ಲರೂ ಓದಲೆಂದು ಇಲ್ಲಿಯೇ ಬರೆಯುತ್ತಿದ್ದೇನೆ.

ಅಪ್ಪಾ, ನೀನು ಕೇಳಿರುವುದು ಎರಡನೆಯ ಪ್ರಶ್ನೆ. ಮೊದಲನೆಯ ಪ್ರಶ್ನೆಯನ್ನು ಕೇಳಿಯೇ ಇಲ್ಲ. ಮನೆಯಲ್ಲಿ ಯಾರೂ ನೋಡದಿರುವಾಗ ನಿನ್ನ ನಾಯಿ ಆ ಕೊಳಕ್ಕೆ ಬಿದ್ದರೆ ಹೊರಗೆ ಬರುವ ದಾರಿ ಅದಕ್ಕೆ ಗೊತ್ತಿದೆಯೇ?

ನಮ್ಮ ಹಿರಿಯರು ಕಟ್ಟಿಸಿದ ಕಲ್ಯಾಣಿಗಳನ್ನು ನೆನಪಿಸಿಕೊಳ್ಳಿ. ಮೇಲುಕೋಟೆಯ ಕಲ್ಯಾಣಿಯಾಗಲಿ, ಶ್ರವಣಬೆಳಗೊಳದ ಕೊಳವಾಗಲಿ, ಹುಲಿಕೆರೆಯ ಪುಷ್ಕರಣಿಯಾಗಲಿ, ಸುತ್ತಲೂ ಮೆಟ್ಟಿಲುಗಳು ನೀರಿನೊಳಕ್ಕೆ ಇಳಿದುಹೋಗಿರುತ್ತವೆ. ಯಾವ ಕಡೆಯಿಂದ ಜಾರಿ ಬಿದ್ದರೂ ಬಿದ್ದ ಕಡೆಯಲ್ಲಿಯೇ ಒಂದು ಕಲ್ಲು ಕಾಲಿಗೆ ಸಿಗುತ್ತದೆ. ನೀರು ಏರಲಿ, ಇಳಿಯಲಿ, ಮೆಟ್ಟಿಲು ಅಲ್ಲಿಯೇ ಇರುತ್ತದೆ. ಈಗಿನ ಮನೆಯ ಈಜುಕೊಳದ ಕಥೆಯೇ ಬೇರೆ. ಸಾಮಾನ್ಯವಾಗಿ ಒಂದೇ ಮೂಲೆಯಲ್ಲಿ ಮೂರು ನಾಲ್ಕು ಮೆಟ್ಟಿಲು. ಉಳಿದೆಡೆಯೆಲ್ಲ ನೆಟ್ಟನೆಯ ನುಣುಪು ಗೋಡೆ. ಆ ಗೋಡೆಯ ಅಂಚು ನೀರಿನ ಮಟ್ಟಕ್ಕಿಂತ ಒಂದಷ್ಟು ಮೇಲೆ. ಮನುಷ್ಯನಾದರೆ ಅಂಚಿಗೆ ಕೈಯಿಟ್ಟು ಮೈಯನ್ನು ಮೇಲಕ್ಕೆ ಎತ್ತಿಕೊಂಡಾನು. ನಾಯಿಯ ಕಾಲಿಗೆ ಆ ಹಿಡಿತವಿಲ್ಲ. ಮುಂಗಾಲನ್ನು ಅಂಚಿಗೆ ತಾಗಿಸಿದರೂ ಹಿಂಗಾಲಿಗೆ ಆಸರೆಯಿಲ್ಲದೆ ಮತ್ತೆ ಮತ್ತೆ ಜಾರುತ್ತದೆ. ಗಾಬರಿಯಾದ ನಾಯಿ ತಾನು ಬಿದ್ದ ಜಾಗದಿಂದಲೇ, ಅಥವಾ ಮನೆಯ ಬಾಗಿಲು ಕಾಣುವ ಕಡೆಯಿಂದಲೇ ಹತ್ತಲು ಹೆಣಗುತ್ತದೆ. ಹತ್ತು ಅಡಿ ಆಚೆಗಿರುವ ಮೆಟ್ಟಿಲನ್ನು ಹುಡುಕಿಕೊಂಡು ಹೋಗಬೇಕೆಂಬುದು ಅದಕ್ಕೆ ಹೊಳೆಯುವುದಿಲ್ಲ. ಹೀಗೆ ಮುಳುಗುವ ನಾಯಿ ಈಜು ಬಾರದೆ ಸಾಯುವುದಿಲ್ಲ, ಈಜಿ ಈಜಿ ಸೋತು ಸಾಯುತ್ತದೆ.

ಮಗಳ ಮನೆಯಿಂದ ಮೂರನೆಯ ಮನೆಯಲ್ಲಿ ಒಂದು ಮುದಿ ನಾಯಿ ಇತ್ತು. ಕಣ್ಣಿಗೆ ಪೊರೆ ಬಂದಿತ್ತು, ಕಿವಿಯೂ ಮಂದ. ಎಳೆಯ ವಯಸ್ಸಿನಲ್ಲಿ ಅದೇ ಕೊಳದಲ್ಲಿ ಮಕ್ಕಳೊಡನೆ ಈಜಿ ಬೆಳೆದ ನಾಯಿಯಾದ್ದರಿಂದ ಅವರಿಗೆ ಅದರ ಬಗೆಗೆ ಕಿಂಚಿತ್ತೂ ಭಯವಿರಲಿಲ್ಲ. ಒಂದು ಮಧ್ಯಾಹ್ನ ಎಲ್ಲರೂ ಅಂಗಡಿಗೆ ಹೋಗಿ ಒಂದೂವರೆ ಗಂಟೆಯಲ್ಲಿ ಹಿಂದಿರುಗಿದರು. ಹಿತ್ತಲ ಬಾಗಿಲಿನಲ್ಲಿ ನಾಯಿ ಓಡಾಡಲು ಮಾಡಿದ್ದ ಸಣ್ಣ ಕಿಂಡಿಬಾಗಿಲು ತೆರೆದಿತ್ತು. ಮೆಟ್ಟಿಲಿನಿಂದ ನಾಲ್ಕು ಮಾರು ದೂರದಲ್ಲಿ ಅದು ತೇಲುತ್ತಿತ್ತು. ಮುಂಗಾಲಿನ ಉಗುರುಗಳು ಸವೆದು ರಕ್ತ ಬಂದಿತ್ತೆಂದು ಆ ಮನೆಯಾಕೆ ನನ್ನ ಮಗಳ ಕೈಹಿಡಿದು ಹೇಳುತ್ತಿದ್ದುದನ್ನು ನಾನು ಪಕ್ಕದಲ್ಲೇ ನಿಂತು ಕೇಳಿದೆ. ನಾಯಿಗೆ ಈಜು ಬರುತ್ತದೆ ಎಂಬ ಮಾತನ್ನು ಆಮೇಲೆ ಯಾರಾದರೂ ಹೇಳಿದರೆ ನನಗೆ ಆ ಉಗುರುಗಳು ನೆನಪಾಗುತ್ತವೆ.

ಆದ್ದರಿಂದ ಮೊದಲನೆಯದು ಬೇಲಿ. ಶಿಸ್ತು, ಪಾಠ, ತಿನಿಸು, ಎಲ್ಲವೂ ಆಮೇಲಿನ ಮಾತು. ಅರಿಜೋನಾದ ಕಾನೂನು 6 ವರ್ಷದೊಳಗಿನ ಮಕ್ಕಳಿರುವ ಮನೆಗಳಲ್ಲಿ ಕೊಳಕ್ಕೆ ತಡೆ ಇರಬೇಕೆಂದು ಹೇಳುತ್ತದೆ. ಬೇಲಿಯಾದರೆ ಅದು ಕನಿಷ್ಠ 5 ಅಡಿ ಎತ್ತರವಿರಬೇಕು, 4 ಅಂಗುಲದ ಚೆಂಡು ತೂರುವಷ್ಟು ಸಂದಿ ಇರಬಾರದು, ಬಾಗಿಲು ತಾನಾಗಿ ಮುಚ್ಚಿಕೊಂಡು ತಾನಾಗಿ ಚಿಲಕ ಬೀಳುವಂತಿರಬೇಕು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 1992ರಿಂದಲೇ ಇಂತಹ ಕಾಯಿದೆಯಿದೆ. ಇವೆಲ್ಲ ಮಕ್ಕಳಿಗಾಗಿ ಮಾಡಿದ ನಿಯಮಗಳು, ನಾಯಿಗಾಗಿ ಅಲ್ಲ. ಆದರೆ ಮಗುವನ್ನು ತಡೆಯುವ ಬೇಲಿ ದೊಡ್ಡ ನಾಯಿಯನ್ನೂ ತಡೆಯುತ್ತದೆ. ಸಣ್ಣ ಮರಿಯಿದ್ದರೆ ಮಾತ್ರ 4 ಅಂಗುಲವೂ ಹೆಚ್ಚೇ. ಕೆಳಭಾಗಕ್ಕೆ ಜಾಲರಿ ಕಟ್ಟಬೇಕು. ನಾನು ಕಂಡ ಮನೆಗಳಲ್ಲಿ ಬೇಲಿ ಇಲ್ಲದವು ಕಡಿಮೆ. ಬೇಲಿಯ ಬಾಗಿಲಿಗೆ ಹೂಕುಂಡ ಒತ್ತುಕೊಟ್ಟು ತೆರೆದಿಟ್ಟವು ಹೆಚ್ಚು. ಕೈಯಲ್ಲಿ ತಟ್ಟೆ ಹಿಡಿದು ಓಡಾಡಲು ಅನುಕೂಲವಂತೆ! ಇನ್ನು ಕೆಲವರು ಕೊಳದ ಮೇಲೆ ತೆಳುವಾದ ಪ್ಲಾಸ್ಟಿಕ್ ಹೊದಿಕೆ ಹಾಸಿ ನಿಶ್ಚಿಂತರಾಗುತ್ತಾರೆ. ಬಿಸಿಲಿನ ಶಾಖ ಹಿಡಿದಿಡಲು ಮಾಡಿದ ಆ ಹೊದಿಕೆ ಭಾರ ತಡೆಯುವುದಿಲ್ಲ. ನಾಯಿಗೆ ಅದು ನೆಲದಂತೆ ಕಾಣುತ್ತದೆ, ಕಾಲಿಟ್ಟರೆ ಕುಸಿಯುತ್ತದೆ, ಮೇಲೆದ್ದರೆ ತಲೆಯ ಮೇಲೆ ಕವಿಯುತ್ತದೆ. ತೆರೆದ ನೀರಿಗಿಂತ ಅದು ಅಪಾಯ.

ಈಗ ನಿನ್ನ ಎರಡನೆಯ ಪ್ರಶ್ನೆಗೆ ಬರೋಣ. ನಾಯಿ ಏಕೆ ಬೊಗಳುತ್ತದೆ?

ನೀನು ಅದನ್ನು ತಂಟೆ ಎನ್ನುತ್ತೀಯೆ. ಸ್ವಲ್ಪ ಹೊತ್ತು ಅದರ ಕಣ್ಣಿನಿಂದ ನೋಡು. ತನ್ನ ಮನೆಯ ಮಕ್ಕಳು ಒಬ್ಬರ ಹಿಂದೊಬ್ಬರು ಓಡಿ ಕೊಳಕ್ಕೆ ಬೀಳುತ್ತಾರೆ, ಕಿರುಚುತ್ತಾರೆ, ಕೈಕಾಲು ಬಡಿಯುತ್ತಾರೆ, ತಲೆ ಮಾಯವಾಗುತ್ತದೆ, ಮತ್ತೆ ಕಾಣಿಸುತ್ತದೆ. ನಮಗೆ ಅದು ಆಟ. ಆಟವೆಂಬುದು ನಾಯಿಗೆ ಯಾರು ಹೇಳಿದರು? ಕೆಲವು ನಾಯಿಗಳಿಗೆ ಅದು ದಿಗಿಲು. ಕೆಲವಕ್ಕೆ ತಮ್ಮನ್ನು ಬಿಟ್ಟು ಆಡುತ್ತಿದ್ದಾರೆಂಬ ಚಡಪಡಿಕೆ. ಬಾರ್ಡರ್ ಕಾಲಿಯಂತಹ ಕುರಿ ಕಾಯುವ ತಳಿಗಳಿಗೆ, ಚದುರಿದ ಮಂದೆಯನ್ನು ಒಟ್ಟುಗೂಡಿಸಬೇಕೆಂಬ ತಲೆತಲಾಂತರದ ಪ್ರೇರಣೆ. ಲ್ಯಾಬ್ರಡಾರ್ ಅಂತೂ ನ್ಯೂಫೌಂಡ್‌ಲ್ಯಾಂಡಿನ ಬೆಸ್ತರ ದೋಣಿಗಳ ಜೊತೆ ಇದ್ದು, ನೀರಿನಿಂದ ಬಲೆಯನ್ನೂ ಮೀನನ್ನೂ ಎಳೆದು ತರುತ್ತಿದ್ದ ನಾಯಿಗಳ ವಂಶದ್ದು. ನೀರಿನಲ್ಲಿ ಏನಾದರೂ ಅಲ್ಲಾಡಿದರೆ ಅದನ್ನು ದಡಕ್ಕೆ ತರುವುದೇ ಅದರ ಕುಲಕಸುಬು! ಇದರ ಮೇಲೆ ಫೀನಿಕ್ಸಿನ ಬಿಸಿಲು. 2023ರ ಬೇಸಿಗೆಯಲ್ಲಿ ಅಲ್ಲಿ ಸತತವಾಗಿ 31 ದಿನ ಉಷ್ಣಾಂಶ 110 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸುಮಾರು 43 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಕೊಳದ ಸುತ್ತಲಿನ ಸಿಮೆಂಟು ನೆಲಕ್ಕೆ ಬರಿಗಾಲಿಡಲಾಗದು. ನಾವು ಚಪ್ಪಲಿ ಹಾಕಿಕೊಂಡು ನಿಂತು, ಬರಿಗಾಲಿನ ನಾಯಿ ಏಕೆ ಒಂದೆಡೆ ನಿಲ್ಲುವುದಿಲ್ಲ ಎಂದು ಕೇಳುತ್ತೇವೆ. ಅಂಗೈಯ ಹಿಂಭಾಗವನ್ನು ಆ ನೆಲಕ್ಕೊತ್ತಿ ಏಳು ಎಣಿಸಲು ನಿನ್ನಿಂದಾಗದಿದ್ದರೆ ನಾಯಿಯನ್ನು ಅಲ್ಲಿ ನಿಲ್ಲಿಸಕೂಡದು.

ಬೊಗಳಾಟಕ್ಕೆ ನೀನು ಮಾಡಿದ ಮೂರು ಔಷಧಗಳನ್ನು ನೋಡು. ಗದರಿದೆ: ನಾಯಿಗೆ ಅದು ಯಜಮಾನನೂ ತನ್ನೊಡನೆ ಬೊಗಳುತ್ತಿದ್ದಾನೆಂದು ಕೇಳಿಸಿರಬಹುದು. ಪೈಪಿನಿಂದ ನೀರು ಹೊಡೆದೆ: ಲ್ಯಾಬ್ರಡಾರಿಗೆ ಅದು ಶಿಕ್ಷೆಯಲ್ಲ, ಹಬ್ಬ. ಇನ್ನು ಹೊಡೆತ. ಇದರ ಬಗೆಗೆ ಸ್ವಲ್ಪ ನಿಧಾನವಾಗಿ ಹೇಳಬೇಕು.

ಮಹಾಭಾರತದ ಆದಿಪರ್ವದ ಆರಂಭದಲ್ಲಿಯೇ ನಾಯಿಯ ಪ್ರಸಂಗವೊಂದಿದೆ. ಕೊನೆಯಲ್ಲಿ ಧರ್ಮರಾಯನ ಹಿಂದೆ ಹೋದ ನಾಯಿ ಎಲ್ಲರಿಗೂ ಗೊತ್ತು. ಮೊದಲಿಗೆ ಬರುವ ನಾಯಿ ಅಷ್ಟಾಗಿ ಗೊತ್ತಿಲ್ಲ. ಜನಮೇಜಯನು ತಮ್ಮಂದಿರೊಡನೆ ಕುರುಕ್ಷೇತ್ರದಲ್ಲಿ ಯಜ್ಞ ಮಾಡುತ್ತಿರುವಾಗ ದೇವತೆಗಳ ನಾಯಿಯಾದ ಸರಮೆಯ ಮರಿ ಅಲ್ಲಿಗೆ ಬರುತ್ತದೆ. ತಮ್ಮಂದಿರು ಅದನ್ನು ಬಡಿದಟ್ಟುತ್ತಾರೆ. ಮರಿ ಅಳುತ್ತ ತಾಯಿಯ ಬಳಿಗೆ ಓಡುತ್ತದೆ. ನೀನು ತಪ್ಪೇನಾದರೂ ಮಾಡಿರಬೇಕು ಎನ್ನುತ್ತಾಳೆ ತಾಯಿ. (ಗಮನಿಸಿ, ತಾಯಿಯಾದರೂ ಮೊದಲು ವಿಚಾರಣೆ ನಡೆಸುತ್ತಾಳೆ.) ಹವಿಸ್ಸನ್ನು ನಾನು ನೆಕ್ಕಲಿಲ್ಲ, ಅದರತ್ತ ನೋಡಲೂ ಇಲ್ಲ ಎನ್ನುತ್ತದೆ ಮರಿ. ಆಗ ಸರಮೆ ಯಜ್ಞಶಾಲೆಗೆ ನೇರವಾಗಿ ಬಂದು ರಾಜನನ್ನು ಕೇಳುತ್ತಾಳೆ, ತಪ್ಪು ಮಾಡದವನನ್ನು ಏಕೆ ಹೊಡೆದಿರಿ ಎಂದು. ಉತ್ತರ ಕೊಡಲು ಯಾರಿಗೂ ಬಾಯಿಲ್ಲ. ಕಾಣದ ಕಡೆಯಿಂದ ನಿಮಗೆ ಭಯ ಬರಲಿ ಎಂದು ಶಪಿಸಿ ಹೋಗುತ್ತಾಳೆ. ಅಷ್ಟು ದೊಡ್ಡ ಗ್ರಂಥ ತನ್ನ ಹೊಸ್ತಿಲಲ್ಲೇ ಒಂದು ನಾಯಿಯ ನ್ಯಾಯವನ್ನು ಇರಿಸಿದೆಯೆಂಬುದು ನನಗೆ ಯಾವಾಗಲೂ ಆಶ್ಚರ್ಯದ ಸಂಗತಿ.

ನಿನ್ನ ನಾಯಿಯ ತಪ್ಪೇನು? ಮಕ್ಕಳು ಕಿರುಚಿದರು, ಅದು ಓಡಿಬಂತು. ಅದಕ್ಕೆ ಪೆಟ್ಟು ಬಿತ್ತು. ನಾಯಿ ಇದರಿಂದ ಕಲಿಯುವ ಪಾಠ 'ಬೊಗಳಬಾರದು' ಎಂಬುದಲ್ಲ. ಮಕ್ಕಳು ನೀರಿನಲ್ಲಿದ್ದಾಗ ತನಗೆ ನೋವಾಗುತ್ತದೆ ಎಂಬ ಪಾಠ. ಈ ಎರಡನೆಯ ಪಾಠ ಬೇರೂರಿದ ನಾಯಿ ಒಂದು ದಿನ ಮಗುವಿನತ್ತಲೇ ಹಲ್ಲು ತೋರಿಸೀತು. ಕಾಣದ ಕಡೆಯಿಂದ ಬರುವ ಭಯವೆಂದರೆ ಅದೇ. ಕೊರಳಿಗೆ ವಿದ್ಯುತ್ ಆಘಾತದ ಪಟ್ಟಿ ಕಟ್ಟಿಸಲೇ ಎಂದೂ ಕೇಳಿದ್ದೀಯೆ. ಬೇಡ. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯ ಅದನ್ನು 2010ರಲ್ಲಿಯೇ ನಿಷೇಧಿಸಿತು. ನಿಷೇಧವಿಲ್ಲದ ಊರಿನಲ್ಲೂ ನನ್ನ ಮಾತು ಅದೇ.

ಹಾಗಾದರೆ ಕಲಿಸುವುದು ಹೇಗೆ? ಇಂದು ನಾಯಿಗಳಿಗೆ ಪಾಠ ಹೇಳುವ ಕ್ರಮಕ್ಕೂ ನೀರಿಗೂ ಒಂದು ಹಳೆಯ ನಂಟಿದೆ. 1960ರ ದಶಕದಲ್ಲಿ ಹವಾಯಿಯ ಸೀ ಲೈಫ್ ಪಾರ್ಕಿನಲ್ಲಿ ಡಾಲ್ಫಿನ್‌ಗಳಿಗೆ ತರಬೇತಿ ಕೊಡುತ್ತಿದ್ದ ಕ್ಯಾರನ್ ಪ್ರಯರ್ ಎಂಬ ಮಹಿಳೆ ಅಲ್ಲಿ ಬಳಸಿದ ಕ್ರಮವನ್ನೇ ಮುಂದೆ ನಾಯಿಗಳಿಗೂ ಮನುಷ್ಯರಿಗೂ ಅನ್ವಯಿಸಿ 1984ರಲ್ಲಿ 'ಡೋಂಟ್ ಶೂಟ್ ದ ಡಾಗ್' ಎಂಬ ಪುಸ್ತಕ ಬರೆದರು. ಡಾಲ್ಫಿನ್ನಿನ ಕೊರಳಿಗೆ ಹಗ್ಗ ಕಟ್ಟಲಾಗದು, ಬೆತ್ತ ಬೀಸಲಾಗದು. ಗದರಿದರೆ ಅದು ಸುಮ್ಮನೆ ಮುಳುಗಿ ಆಚೆ ದಂಡೆಗೆ ಹೋಗಿಬಿಡುತ್ತದೆ. ಉಳಿದ ದಾರಿ ಒಂದೇ. ಸರಿಯಾದುದನ್ನು ಮಾಡಿದ ಕ್ಷಣದಲ್ಲಿಯೇ ಸೀಟಿ ಊದಿ 'ಇದು ಸರಿ' ಎಂದು ತಿಳಿಸುವುದು, ಕೂಡಲೇ ಮೀನು ಕೊಡುವುದು. ಬೆತ್ತ ಬೀಸಲಾಗದ ವಿದ್ಯಾರ್ಥಿಯಿಂದಲೇ ಗುರುಗಳು ಪಾಠ ಹೇಳುವುದನ್ನು ಕಲಿತರು ಎನ್ನಬೇಕು.

ಕರಿಯನ ಪಾಠ ಶುರುವಾದದ್ದು ನೀರಿನಿಂದ ಬಹುದೂರದಲ್ಲಿ. ಬೇಲಿಯ ಹೊರಗೆ, ನೆರಳಿನಲ್ಲಿ, ಚಾಪೆಯ ಮೇಲೆ. ಮಕ್ಕಳು ಬೇಲಿಯ ಒಳಗೆ ಸುಮ್ಮನೆ ನಡೆದರು. ನಾಯಿ ಬೊಗಳದೆ ನೋಡಿತು. ಬೇಯಿಸಿದ ಕೋಳಿಯ ಚೂರೊಂದು ಸಿಕ್ಕಿತು. (ನಾವು ಸಸ್ಯಾಹಾರಿಗಳು, ಕೋಳಿಯ ಡಬ್ಬಿ ಅಳಿಯಂದಿರ ಕಾರ್ ಶೆಡ್ಡಿನಲ್ಲಿ ಇರುತ್ತಿತ್ತು. ಆಮೇಲೆ ಕ್ಯಾರೆಟ್ಟೂ ನಡೆಯುತ್ತದೆಂದು ಕಂಡುಬಂತು.) ಮರುದಿನ ಮಕ್ಕಳು ಮೆಟ್ಟಿಲ ಮೇಲೆ ಕುಳಿತು ಕಾಲು ಮಾತ್ರ ಇಳಿಬಿಟ್ಟರು. ಅದಾದ ಮೇಲೆ ಅಂಗೈಯಿಂದ ನೀರು ಚಿಮ್ಮಿಸಿದರು. ನೆಗೆತದ ಸರದಿ ಬಂದದ್ದು ಎರಡು ವಾರಗಳ ಮೇಲೆ. ನಡುವೆ ಎಲ್ಲಿಯಾದರೂ ನಾಯಿ ಎದ್ದು ಬೊಗಳಿದರೆ ಆಕೆ ಒಂದು ಮಾತನ್ನೂ ಆಡುತ್ತಿರಲಿಲ್ಲ. ಚಾಪೆಯನ್ನು ಹತ್ತು ಹೆಜ್ಜೆ ಹಿಂದಕ್ಕೆ ಒಯ್ಯುತ್ತಿದ್ದಳು, ಅಷ್ಟೆ. ಪಾಠ ಕಷ್ಟವಾಯಿತೆಂದು ಅದರ ಅರ್ಥ, ವಿದ್ಯಾರ್ಥಿ ಕೆಟ್ಟವನೆಂದಲ್ಲ. ಒಂದು ಬಾರಿಗೆ ಐದು ನಿಮಿಷಕ್ಕಿಂತ ಹೆಚ್ಚು ಪಾಠವಿಲ್ಲ. ನಮ್ಮ ಶಾಲೆಗಳ 45 ನಿಮಿಷದ ಪೀರಿಯಡ್ಡನ್ನು ನಿಗದಿ ಮಾಡಿದವರು ಆಕೆಯನ್ನು ಕೇಳಬೇಕಾಗಿತ್ತು!

ಈ ಪಾಠಕ್ಕೆ ದೊಡ್ಡ ಅಡ್ಡಿಯಾದದ್ದು ನಾಯಿಯಲ್ಲ, ನಮ್ಮ ಭಾಷೆ. ಮೊಮ್ಮಕ್ಕಳು 'ಕಮ್' ಎನ್ನುತ್ತಿದ್ದರು, ಅಳಿಯಂದಿರು 'ಹಿಯರ್' ಎನ್ನುತ್ತಿದ್ದರು, ಮಗಳು 'ಬಾರೋ ಇಲ್ಲಿ' ಎನ್ನುತ್ತಿದ್ದಳು, ನನ್ನ ಮನೆಯವರು 'ಬಾ ಬಾ, ಚಿನ್ನ, ಬಾ ಮರಿ' ಎಂದು ಒಂದು ಜೋಗುಳವನ್ನೇ ಹಾಡುತ್ತಿದ್ದರು. ನಾಯಿ ಯಾವ ನಿಘಂಟು ನೋಡಬೇಕು? ತರಬೇತುದಾರ್ತಿ ಎಲ್ಲರನ್ನೂ ಕೂರಿಸಿ, ಮೂರೇ ಪದ ಆರಿಸಿಕೊಳ್ಳಿ, ಯಾವ ಭಾಷೆಯದಾದರೂ ಸರಿ, ಎಲ್ಲರೂ ಅದನ್ನೇ ಹೇಳಿ ಎಂದಳು. ಚರ್ಚೆಯಾಗಿ 'ಬಾ', 'ಇರು', 'ಮೆಟ್ಲು' ಎಂಬ ಮೂರು ಕನ್ನಡ ಪದಗಳು ಗೆದ್ದವು. ಅಮೆರಿಕದಲ್ಲಿ ಹುಟ್ಟಿದ ಮೊಮ್ಮಕ್ಕಳು ನಾಯಿಯ ದೆಸೆಯಿಂದ ದಿನಕ್ಕೆ ಹತ್ತು ಸಲ ಕನ್ನಡ ಮಾತನಾಡುವಂತಾಯಿತು. ಇದನ್ನು ಕನ್ನಡ ಸಂಘದವರು ಗಮನಿಸಬಹುದು.

ಆ ಮೂರನೆಯ ಪದವೇ ನಾನು ಈ ಬರಹದಲ್ಲಿ ಹೇಳಹೊರಟಿರುವ ಮುಖ್ಯ ವಿಷಯ. ನಾಯಿಗೆ ಈಜುಕೊಳದಲ್ಲಿ ಕಲಿಸಬೇಕಾದ ವಿದ್ಯೆ ಇಳಿಯುವುದಲ್ಲ, ಹತ್ತುವುದು. ಹಿಡಿ ಇರುವ ಲೈಫ್ ಜಾಕೆಟ್ ತೊಡಿಸಿ, ಹಗ್ಗ ಹಿಡಿದು, ನೀವೂ ಜೊತೆಗೆ ನೀರಿಗಿಳಿದು, ಮೊದಲ ಮೆಟ್ಟಿಲಿನಲ್ಲಿ ನಿಲ್ಲಿಸಿ 'ಮೆಟ್ಲು' ಎಂದು ಹೇಳಿ ಹತ್ತಿಸಿ, ತಿನಿಸು ಕೊಡಬೇಕು. ಆಮೇಲೆ ಒಂದು ಮಾರು ದೂರದಿಂದ. ಆಮೇಲೆ ಎಡಗಡೆಯ ಗೋಡೆಯಿಂದ, ಬಲಗಡೆಯ ಗೋಡೆಯಿಂದ, ಕೊನೆಗೆ ಆಳವಾದ ತುದಿಯಿಂದ. ಒಂದು ಕಡೆಯಿಂದ ದಾರಿ ಗೊತ್ತಾದರೆ ಎಲ್ಲ ಕಡೆಯಿಂದಲೂ ಗೊತ್ತಾಯಿತೆಂದು ತಿಳಿಯಬಾರದು. ಗೋಡೆಯ ಬಳಿ ಗಾಬರಿಯಾಗುವ ನಾಯಿಗೆ ಪ್ರತಿಯೊಂದು ಗೋಡೆಯೂ ಬೇರೆ ಲೆಕ್ಕ. ಮೆಟ್ಟಿಲಿನ ಪಕ್ಕದಲ್ಲಿ ನೀರಿನಿಂದಲೂ ಕಾಣುವಂತೆ ಎತ್ತರದ ಗುರುತೊಂದನ್ನು ಇಟ್ಟರೆ ಒಳ್ಳೆಯದು. ಮಗಳ ಮನೆಯಲ್ಲಿ ಬಿಳಿಯ ದೊಡ್ಡ ಕುಂಡದಲ್ಲಿ ಒಂದು ಗಿಡವಿದೆ. ಅದನ್ನು ಅಲ್ಲಿಂದ ಯಾರೂ ಕದಲಿಸಕೂಡದೆಂಬುದು ಆ ಮನೆಯ ಸಂವಿಧಾನದ ಒಂದು ವಿಧಿ. ಈ ಪಾಠವನ್ನು ಪ್ರತಿವರ್ಷ ಬೇಸಿಗೆಯ ಮೊದಲಲ್ಲಿ ಪುನಃ ಮಾಡಬೇಕು. ರಜೆ ಮುಗಿಸಿ ಬಂದ ಮಕ್ಕಳಿಗೆ ಮಗ್ಗಿ ಮರೆತಿರುತ್ತಿದ್ದುದು ನಿನಗೆ ನೆನಪಿದೆಯಲ್ಲವೆ?

ನಾಯಿಯನ್ನು ಎತ್ತಿ ನೀರಿಗೆ ಎಸೆದು ಕಲಿಸುವ ಪದ್ಧತಿಯನ್ನು ಹೊಗಳುವವರಿದ್ದಾರೆ. ನಮ್ಮ ಕಾಲದ ಹುಡುಗರು ಬಾವಿಯಲ್ಲಿ ಈಜು ಕಲಿತದ್ದು ಹಾಗೆಯೇ ಎಂಬುದು ಅವರ ವಾದ. ಪೂರ್ತಿ ನಿಜವಲ್ಲ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಮೇಲೆ ಒಬ್ಬ ದೊಡ್ಡವನು ಹಗ್ಗದ ತುದಿ ಹಿಡಿದು ನಿಂತು ಕಲಿಸಿದ ಮನೆಗಳೇ ಹೆಚ್ಚು. ಹಗ್ಗವಿಲ್ಲದೆ ನೂಕಿಸಿಕೊಂಡವರಲ್ಲಿ ಕೆಲವರು ಈಜು ಕಲಿತರು. ಕೆಲವರು ಎಪ್ಪತ್ತು ದಾಟಿದರೂ ಬಾವಿಕಟ್ಟೆಯ ಹತ್ತಿರ ಸುಳಿಯುವುದಿಲ್ಲ. ನಮ್ಮ ಬಂಧುಗಳಲ್ಲಿಯೇ ಅಂತಹವರಿದ್ದಾರೆ, ಹೆಸರು ಹೇಳುವುದಿಲ್ಲ. ಎಲ್ಲ ನಾಯಿಗಳೂ ಈಜುವ ಮೈಕಟ್ಟಿನವೂ ಅಲ್ಲ. ಬುಲ್‌ಡಾಗ್, ನಮ್ಮಲ್ಲಿ 'ಹಚ್ ನಾಯಿ' ಎಂದೇ ಮನೆಮಾತಾದ ಪಗ್, ಗಿಡ್ಡ ಕಾಲಿನ ಡ್ಯಾಷ್‌ಹೌಂಡ್, ಇವಕ್ಕೆ ನೀರಿನ ಮೇಲೆ ತಲೆ ಎತ್ತಿ ಹಿಡಿಯುವುದೇ ಕಷ್ಟ. ಚಪ್ಪಟೆ ಮೂಗಿನ ನಾಯಿಗೆ ನೆಲದ ಮೇಲೆಯೇ ಉಸಿರಾಟ ಸಲೀಸಲ್ಲ. ಇಂತಹವುಗಳಿಗೆ ನೀರು ಬೇಡವೆನಿಸಿದರೆ ಆ ಮಾತನ್ನು ಮನ್ನಿಸಬೇಕು.

ಇನ್ನೊಂದು ವಿಷಯ ನನಗೆ ಅಲ್ಲಿಗೆ ಹೋಗುವವರೆಗೂ ತಿಳಿದಿರಲಿಲ್ಲ. ಚೆಂಡನ್ನು ನೀರಿಗೆ ಎಸೆದು ನಾಯಿಯಿಂದ ತರಿಸುವ ಆಟ ನೋಡಲು ಚೆಂದ. ಪ್ರತಿಸಲವೂ ಬಾಯಿ ತೆರೆದು ಚೆಂಡು ಕಚ್ಚುವಾಗ ನಾಯಿ ಒಂದಿಷ್ಟು ನೀರು ನುಂಗುತ್ತದೆ. ಗಂಟೆಗಟ್ಟಲೆ ಆಡಿದರೆ ಹೊಟ್ಟೆಗೆ ಹೋದ ನೀರು ರಕ್ತದ ಸೋಡಿಯಂ ಅಂಶವನ್ನು ಅಪಾಯದ ಮಟ್ಟಕ್ಕೆ ಇಳಿಸಿಬಿಡಬಹುದು. ನಾಯಿ ಆಟ ಮುಗಿಸಿ ಬಂದು ತೂರಾಡಿದರೆ, ಹೊಟ್ಟೆ ಉಬ್ಬಿದ್ದರೆ, ವಾಂತಿ ಮಾಡಿದರೆ, ಜೊಲ್ಲು ಸುರಿಸಿ ಮಂಕಾದರೆ, ದಣಿದಿದೆ ಮಲಗಲಿ ಎಂದು ಬಿಡಬಾರದು. ಆ ಕ್ಷಣವೇ ಪಶುವೈದ್ಯರಲ್ಲಿಗೆ ಒಯ್ಯಬೇಕು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಆಟ ನಿಲ್ಲಿಸಿ ನೆರಳಿಗೆ ಕರೆತರುವುದು, ದಪ್ಪ ಚೆಂಡಿನ ಬದಲು ಚಪ್ಪಟೆ ಆಟಿಕೆ ಕೊಡುವುದು, ಪಕ್ಕದಲ್ಲಿ ಕುಡಿಯುವ ನೀರಿನ ಬಟ್ಟಲಿಡುವುದು, ಇಷ್ಟು ಮಾಡಿದರೆ ಈ ಅಪಾಯ ಬಹುಪಾಲು ತಪ್ಪುತ್ತದೆ. ಜೋಲುಕಿವಿಯ ನಾಯಿಯಾದರೆ ಕಿವಿಯೊಳಗಿನ ತೇವವನ್ನು ಒರೆಸುವುದನ್ನು ಮರೆಯಬೇಡ. ಕ್ಲೋರಿನ್ ಬಿಲ್ಲೆಗಳ ಡಬ್ಬವನ್ನು ಅದರ ಬಾಯಿಗೆ ಸಿಗದ ಎತ್ತರದಲ್ಲಿಡಬೇಕೆಂಬುದನ್ನು ಹೇಳಬೇಕಾಗಿಯೇ ಇಲ್ಲ.

ಕಡೆಯದಾಗಿ ನಿನ್ನ ಹೆಗಲೇರುವ ಸಮಸ್ಯೆ. ಇದನ್ನು ನೀನು ನಗುತ್ತ ಬರೆದಿದ್ದೀಯೆ. ನನಗೆ ನಗು ಬರಲಿಲ್ಲ. 30 ಕಿಲೋ ತೂಕದ ನಾಯಿ ಎಂಟು ವರ್ಷದ ಹುಡುಗಿಯ ಹೆಗಲ ಮೇಲೆ ಮುಂಗಾಲಿಟ್ಟರೆ ಆ ಹುಡುಗಿ ನೀರಿನ ಕೆಳಗೆ ಹೋಗುತ್ತಾಳೆ. ನಾಯಿಯ ಉದ್ದೇಶ ರಕ್ಷಣೆಯೇ ಇರಬಹುದು, ಆಸರೆಯೇ ಇರಬಹುದು. ನೀರಿಗೆ ಉದ್ದೇಶ ಗೊತ್ತಾಗುವುದಿಲ್ಲ. ಮಕ್ಕಳನ್ನು ಕಾಪಾಡಿದ ನಾಯಿಗಳ ಕಥೆಗಳನ್ನು ನಾವು ಪಠ್ಯಪುಸ್ತಕಗಳಲ್ಲಿ ಓದಿ, ಓದಿಸಿ, ನಾಯಿಯಿದ್ದರೆ ಕಾವಲು ಇದ್ದಂತೆ ಎಂಬ ಭಾವನೆ ಬೆಳೆಸಿಕೊಂಡಿದ್ದೇವೆ. ಕೊಳದ ಬಳಿ ಆ ಭಾವನೆ ಬೇಡ. ಮಕ್ಕಳು ಆಡುವ ಹೊತ್ತು ಒಂದು, ನಾಯಿ ಈಜುವ ಹೊತ್ತು ಇನ್ನೊಂದು. ಪಾಠ ಪೂರ್ತಿಯಾಗುವವರೆಗೆ ಇವೆರಡೂ ಕೂಡಬಾರದು. ಮಕ್ಕಳ ಹೊತ್ತಿನಲ್ಲಿ ನಾಯಿ ಬೇಲಿಯ ಹೊರಗೆ ನೆರಳಿನ ಚಾಪೆಯ ಮೇಲಿರಲಿ, ಅದನ್ನು ನೋಡಲು ಒಬ್ಬರಿರಲಿ. ಮಕ್ಕಳನ್ನು ನೋಡಲು ಇನ್ನೊಬ್ಬ ದೊಡ್ಡವರಿರಲಿ, ಅವರ ಕೈಯಲ್ಲಿ ಮೊಬೈಲ್ ಇರದಿರಲಿ. ಅಷ್ಟು ಜನ ಮನೆಯಲ್ಲಿಲ್ಲದ ದಿನ ನಾಯಿ ಮನೆಯೊಳಗಿರುವುದೇ ಲೇಸು. ನನ್ನ ಮಗಳ ಮನೆಯಲ್ಲಿ ಕರಿಯ ಈಗ ಮಕ್ಕಳ ನೆಗೆತವನ್ನು ಚಾಪೆಯ ಮೇಲೆ ಕುಳಿತು ನೋಡುತ್ತಾನೆ. ಬಾಲ ಮಾತ್ರ ನೆಲಕ್ಕೆ ಬಡಿಯುತ್ತಿರುತ್ತದೆ, ಅದನ್ನು ನಿಲ್ಲಿಸುವ ಪಾಠ ಯಾರೂ ಹೇಳಿಲ್ಲ.

ಊರಿನಲ್ಲಿರುವ ಬಂಧುಗಳು, ಇದು ಅಮೆರಿಕದವರ ತಾಪತ್ರಯ, ನಮಗೇನು ಎಂದುಕೊಳ್ಳಬೇಡಿ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಬಯಲುಸೀಮೆಯ ಹೊಲಗಳಲ್ಲಿ ಎಷ್ಟೊಂದು ಕೃಷಿ ಹೊಂಡಗಳಾದವು. ನೀರು ಇಂಗದಿರಲೆಂದು ಅವಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಆ ಹಾಳೆಯ ಇಳಿಜಾರಿಗೆ ಪಾಚಿ ಕಟ್ಟಿದರೆ ಮನುಷ್ಯನ ಕಾಲೂ ನಿಲ್ಲುವುದಿಲ್ಲ, ನಾಯಿಯ ಕಾಲೂ ನಿಲ್ಲುವುದಿಲ್ಲ, ಕರುವಿನ ಗೊರಸಂತೂ ಮೊದಲೇ ನಿಲ್ಲುವುದಿಲ್ಲ. ಕಲ್ಯಾಣಿಯ ಒಂದು ಮೆಟ್ಟಿಲೂ ಅಲ್ಲಿಲ್ಲ. ಸುತ್ತ ತಂತಿಬೇಲಿ ಹಾಕಿಸಿ. ಜೊತೆಗೆ, ದಡದಲ್ಲಿ ಗಟ್ಟಿಯಾದ ಗೂಟ ನೆಟ್ಟು, ಗಂಟು ಹಾಕಿದ ದಪ್ಪ ಹಗ್ಗಗಳನ್ನು ನಾಲ್ಕೂ ಕಡೆಯಿಂದ ನೀರಿನವರೆಗೆ ಇಳಿಬಿಡಿ. ಮನುಷ್ಯರು ಅದನ್ನು ಹಿಡಿದು ಬರಬಹುದು. ಪ್ರಾಣಿಗಳಿಗೆ ಹಗ್ಗ ಉಪಯೋಗವಿಲ್ಲ. ಅವುಗಳಿಗಾಗಿ ಒಂದು ಮೂಲೆಯಲ್ಲಿ ಹಳೆಯ ಟೈರುಗಳನ್ನು ಒಂದಕ್ಕೊಂದು ಬಿಗಿದು ಏಣಿಯಂತೆ ಇಳಿಜಾರಿನ ಮೇಲೆ ಮಲಗಿಸಿ, ಕೆಳತುದಿ ನೀರಿನಲ್ಲಿ ಮುಳುಗಿರುವಂತೆ ನೋಡಿಕೊಳ್ಳಿ. ಬೇಸಿಗೆಯಲ್ಲಿ ನೀರು ಇಳಿದಾಗ ಇನ್ನೆರಡು ಟೈರು ಸೇರಿಸಬೇಕಾಗುತ್ತದೆ.